ಏಳು ಮೊಳೆ

ದೊಡ್ಡಬಳ್ಳಾಪುರದ ಪೇಟೆಯಲ್ಲಿ ಬರೀ ಪಿಳ್ಳಣ್ಣ ಎಂದು ಕೇಳಿದರೆ ನಾಲ್ಕು ಜನ ಪಿಳ್ಳಣ್ಣಂದಿರನ್ನು ತೋರಿಸುತ್ತಿದ್ದರು. ‘ದೆವ್ವದ ಪಿಳ್ಳಣ್ಣ’ ಎಂದರೆ ಮುಗಿಯಿತು, ಕಣ್ಣು ಕಾಣದ ಮುದುಕಿಯೂ ಕೋಲೆತ್ತಿ ದಾರಿ ತೋರಿಸುತ್ತಿದ್ದಳು. ಪಾಪ, ಅವನ ಮೈಮೇಲೆ ಯಾವ ದೆವ್ವವೂ ಬರುತ್ತಿರಲಿಲ್ಲ. ಅವನು ದೆವ್ವದ ಕತೆಗಳನ್ನು ಅಚ್ಚು ಹಾಕಿ ಮಾರುತ್ತಿದ್ದ, ಅಷ್ಟೇ. ಊರ ಬಾಯಿಗೆ ಬೀಗ ಹಾಕುವವರು ಯಾರು?

ಹುಟ್ಟಿದ್ದು ದೊಡ್ಡಬೆಳವಂಗಲದ ರಾಗಿ ಬೆಳೆಯುವ ಮನೆಯಲ್ಲಿ. ಪಾಲಿಗೆ ಬಂದ ಹೊಲವನ್ನು ಅಣ್ಣನಿಗೇ ಬಿಟ್ಟುಕೊಟ್ಟು, ಬೆಂಗಳೂರಿನಿಂದ ಕಾಲಲ್ಲಿ ತುಳಿಯುವ ಒಂದು ಹಳೆಯ ಅಚ್ಚಿನ ಮಿಷಿನ್ನು ತಂದು ನೇಕಾರರ ಬೀದಿಯ ಬಾಡಿಗೆ ಮನೆಯ ನಡುವಿಗೆ ನಿಲ್ಲಿಸಿದ. ಅಚ್ಚಿನ ಅಕ್ಷರಕ್ಕೆ ನಮ್ಮ ಕಡೆ ಮೊಳೆ ಎನ್ನುತ್ತಾರೆ. ಸೀಸದ ಸಣ್ಣ ಮೊಳೆ, ತಲೆಯ ಮೇಲೆ ಒಂದು ಅಕ್ಷರ. ‘ನೇಗಿಲು ಹಿಡಿಯೋ ಕೈಲಿ ಮೊಳೆ ಹಿಡಿದ, ಉದ್ಧಾರ ಆದಂಗೇ!’ ಎಂದು ಅಣ್ಣ ಸಂತೆಯಲ್ಲೆಲ್ಲ ಹೇಳಿಕೊಂಡು ತಿರುಗಿದ.

ಪ್ರತಿ ಅಮಾವಾಸ್ಯೆಗೆ ಒಂದು ಪುಸ್ತಕ. ಮೂವತ್ತೆರಡು ಪುಟ, ಮೇಲೆ ಕೆಂಪು ರಟ್ಟು. ‘ಅಮಾವಾಸ್ಯೆ ಮಾಲೆ’ ಎಂದು ಹೆಸರು. ಮಗ್ಗದವರು ಒಬ್ಬನನ್ನು ಓದಲು ಕೂರಿಸಿ ಉಳಿದವರು ನೇಯುತ್ತ ಕೇಳುತ್ತಿದ್ದರು. ದೊಡ್ಡವರು ಮಾತ್ರ ಇದೂ ಒಂದು ಪುಸ್ತಕವೇ ಎಂದು ಮೂಗು ಮುರಿಯುತ್ತಿದ್ದರು. ಮುರಿಯಲಿ ಬಿಡಿ! ಅವರವರ ದಿಂಬಿನ ಕೆಳಗೆ ಏನು ಸಿಗುತ್ತಿತ್ತೆಂದು ಅವರ ಹೆಂಡಿರನ್ನು ಕೇಳಬೇಕಿತ್ತು. ಯುದ್ಧದ ಕಾಲಕ್ಕೆ ಕಾಗದ ಚಿನ್ನವಾಯಿತು. ಪಿಳ್ಳಣ್ಣ ಪೊಟ್ಟಣ ಕಟ್ಟುವ ಕಂದು ಕಾಗದದ ಮೇಲೆಯೇ ಅಚ್ಚು ಹಾಕಿದ. ದೆವ್ವಕ್ಕೆ ಈ ಬಣ್ಣವೇ ಸರಿ ಎಂದು ಜನ ಅದನ್ನೂ ಕೊಂಡರು.

ಆದರೆ ಒಂದು ವಿಷಯ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಯಾವ ಊರಲ್ಲಿ ಸತ್ತವರು ಬರುತ್ತಾರೆಂದು ಸುದ್ದಿ ಬಂದರೂ ಪಿಳ್ಳಣ್ಣ ಮಿಷಿನ್ನು ನಿಲ್ಲಿಸಿ ಹೊರಟುಬಿಡುತ್ತಿದ್ದ. ಕತೆ ಹುಡುಕಲು ಹೋಗುತ್ತಾನೆ ಎಂದುಕೊಳ್ಳುತ್ತಿದ್ದರು. ಒಮ್ಮೆ ಬೂದಿಗೆರೆಯಲ್ಲಿ ವೆಂಕಟರಮಣಪ್ಪ ಎಂಬ ರೈತನ ಸತ್ತ ಹೆಂಡತಿ ಶುಕ್ರವಾರ ಶುಕ್ರವಾರ ಬಂದು ಒಲೆ ಕೆದಕುತ್ತಾಳೆಂದು ಕೇಳಿ ಓಡಿದ. ಒಲೆಯನ್ನು ನೋಡಲಿಲ್ಲ, ಬೂದಿಯನ್ನು ಮುಟ್ಟಲಿಲ್ಲ.

“ಆಯಮ್ಮ ಕಡೇ ಸಲ ಮನೆ ಬಿಟ್ಟು ಹೊರಟಾಗ ನೀವು ಏನಂದಿದ್ರಿ?” ಎಂದು ಕೇಳಿದ.

“ಏನಂತೀವಪ್ಪಾ, ಎಲ್ಲಾರೂ ಅನ್ನಂಗೆ ಹೋಗ್ಬಾ ಅಂದಿದ್ದೆ” ಎಂದ ವೆಂಕಟರಮಣಪ್ಪ.

ಪಿಳ್ಳಣ್ಣ ತಲೆ ತಗ್ಗಿಸಿಕೊಂಡು ಎದ್ದು ಬಂದ. ಎಲ್ಲರ ಹೆಂಡಿರೂ ಬರುತ್ತಿದ್ದರು. ತೀರಿಹೋದ ಅವನ ಅಂಜಿನಮ್ಮ ಬರುತ್ತಿರಲಿಲ್ಲ. ಹೆದರಿಸಲಿ, ಮೈಮೇಲೆ ಬರಲಿ, ಹುಣಸೆ ಮರದಲ್ಲಿ ಜೋತಾಡಲಿ, ಹೇಗಾದರೂ ಸರಿ, ಒಂದು ಸಲ ಬರಲಿ ಎಂದು ಅವನ ಜೀವ ಹಂಬಲಿಸುತ್ತಿತ್ತು. ಊರೆಲ್ಲ ದೆವ್ವಕ್ಕೆ ಹೆದರಿ ಪುಸ್ತಕ ಓದಿದರೆ ಇವನೊಬ್ಬ ದೆವ್ವಕ್ಕಾಗಿ ಕಾದು ಪುಸ್ತಕ ಮಾಡುತ್ತಿದ್ದ.

ಅಂಜಿನಮ್ಮ ನಂದಗುಡಿಯ ಹೆಣ್ಣು. ಓದು ಬರದು, ಬಾಯಿ ಮಾತ್ರ ಬಲು ಚುರುಕು. ನಲವತ್ತನೇ ಇಸವಿಯ ದೀಪಾವಳಿ ಅಮಾವಾಸ್ಯೆಗೆ ಮೊದಲ ಪುಸ್ತಕ ಸಿದ್ಧವಾಗುವಾಗ ಕತೆ ಮೂವತ್ತೊಂದನೇ ಪುಟಕ್ಕೇ ಮುಗಿದುಹೋಯಿತು. ಕೊನೆಯ ಪುಟ ಖಾಲಿ. ಗಂಡ ತಲೆ ಕೆರೆದುಕೊಳ್ಳುವುದನ್ನು ನೋಡಿ, ಮುದ್ದೆ ಬಡಿಸುತ್ತ ಅವಳೇ ದಾರಿ ಹೇಳಿದಳು.

“ಇಷ್ಟೊತ್ತು ಹೆದರ್ಸಿದ್ದೀರಿ. ದೆವ್ವ ಬರದಂಗೆ ಏನ್ ಮಾಡ್ಬೇಕು ಅಂತ ಒಂದು ಉಪಾಯ ಹೇಳ್ಬಿಡಿ, ಪುಟ ತುಂಬ್ತದೆ.”

“ನಂಗೇನ್ ಗೊತ್ತೇ ಉಪಾಯ?”

“ಕತೆ ಗೊತ್ತಿತ್ತಾ? ಹಂಗೇ ಇದೂನೂವೆ. ಊರ ಗಡೀಲಿರೋ ಮರಕ್ಕೆ ಏಳು ಮೊಳೆ ಹೊಡೀರಿ ಅನ್ನಿ.”

“ಒಂದೊಂದು ಮೊಳೆ ಹೊಡೆಯೋವಾಗ್ಲೂ ಹೆಸರು ಹಿಡಿದು ‘ಹೋಗು’ ಅನ್ಬೇಕು ಅಂತ ಸೇರಿಸ್ಲಾ?”

ಅಂಜಿನಮ್ಮ ಬಿದ್ದು ಬಿದ್ದು ನಕ್ಕಳು. “ಸರಿಯಾಗದೆ ಬಿಡಿ. ಏಳು ಸಲ ‘ಹೋಗು’ ಅನ್ನಿಸ್ಕೊಂಡ ಮೇಲೆ ಯಾವ ಮಾನವಂತೆ ತಿರುಗಿ ಬಂದಾಳು!”

ಹೀಗೆ ಮೂವತ್ತೆರಡನೇ ಪುಟ ತುಂಬಿತು.

ನಮ್ಮಲ್ಲಿ ಹೊರಡುವವರು ‘ಹೋಗ್ತೀನಿ’ ಎನ್ನುವುದಿಲ್ಲ, ‘ಬರ್ತೀನಿ’ ಎನ್ನುತ್ತಾರೆ. ಕಳಿಸುವವರು ಬರೀ ‘ಹೋಗು’ ಎನ್ನುವುದಿಲ್ಲ, ‘ಹೋಗ್ಬಾ’ ಎನ್ನುತ್ತಾರೆ. ಕೂಸಿಗೂ ಗೊತ್ತಿರುವ ಮಾತು. ಮರುವರ್ಷ ಚೊಚ್ಚಲ ಬಸುರಿ ಅಂಜಿನಮ್ಮನನ್ನು ತವರಿಗೆ ಕರೆದೊಯ್ಯಲು ಗಾಡಿ ಬಂದಾಗ ಪಿಳ್ಳಣ್ಣ ಮಿಷಿನ್ನು ತುಳಿಯುತ್ತಿದ್ದ. ಅಮಾವಾಸ್ಯೆಗೆ ಎರಡೇ ದಿನ, ಕೆಲಸ ಅರ್ಧವೂ ಆಗಿರಲಿಲ್ಲ. ಅವಳು ಹೊಸ್ತಿಲಲ್ಲಿ ನಿಂತು “ನಾನು ಹೊರಟೆ” ಎಂದಳು. ಇವನು ಕತ್ತೆತ್ತದೆ “ಹುಂ, ಹೋಗು ಹೋಗು” ಎಂದುಬಿಟ್ಟ. ಎರಡು ಸಲ. ತಲೆ ಎತ್ತುವ ಹೊತ್ತಿಗೆ ಹೊಸ್ತಿಲು ಬರಿದಾಗಿತ್ತು. ಬಂದ ಮೇಲೆ ರಮಿಸಿದರಾಯಿತು ಎಂದುಕೊಂಡ ಮಹಾರಾಯ.

ಬರಲಿಲ್ಲ. ಹೆರಿಗೆಯಲ್ಲಿ ತಾಯಿ ಮಗು ಎರಡೂ ಹೋದವು. ಸುದ್ದಿ ಮುಟ್ಟಿ ಇವನು ನಂದಗುಡಿ ಸೇರುವಷ್ಟರಲ್ಲಿ ಮೂರನೆಯ ದಿನ, ಮಣ್ಣು ಮಾಡಿ ಮುಗಿದಿತ್ತು. ಅತ್ತೆ ಅಮ್ಮಯಮ್ಮ ಅಳಿಯನ ಮುಖ ನೋಡದೆ ಒಳಗೆ ಎದ್ದುಹೋದಳು. ‘ಹೋಗು’ ಅಂದಿದ್ದು ಇವರಿಗೂ ತಿಳಿದಿದೆ ಎಂದು ಪಿಳ್ಳಣ್ಣ ತಿಳಿದ. ಆಮೇಲೆ ಆ ಊರ ಕಡೆ ಕಾಲಿಡಲಿಲ್ಲ.

ಐದು ವರ್ಷ ಕಳೆಯಿತು. ನಲವತ್ತಾರರ ಅವರೆಕಾಯಿ ಕಾಲದಲ್ಲಿ ಒಂದು ಬೆಳಗ್ಗೆ, ಮಡಿಲಲ್ಲಿ ಗಂಟು ಕಟ್ಟಿಕೊಂಡು ಅಮ್ಮಯಮ್ಮನೇ ಬಂದು ಹೊಸ್ತಿಲಾಚೆ ಕೂತಳು. ಕರೆದರೂ ಒಳಗೆ ಬರಲಿಲ್ಲ. ಗಂಟು ಬಿಚ್ಚಿದಳು. ಅವರೆಕಾಯಿಯ ನಡುವೆ ಕೆಂಪು ರಟ್ಟಿನ ಮೊದಲ ಪುಸ್ತಕ.

“ಇದು ಅಂಜಿನಿ ಪೆಟ್ಟಿಗೇಲಿ ಇತ್ತು ಅಳಿಯಂದ್ರೇ. ನನ್ ಗಂಡ ಮಾಡಿದ್ದು ಅಂತ ಬೀದಿಗೆಲ್ಲಾ ತೋರಿಸ್ತಿದ್ಲು. ನಿಮ್ ತಾವ ಒಂದು ಮಾತು ಮುಚ್ಚಿಟ್ಟೆ. ಐದು ವರ್ಷದಿಂದ ಗಂಟಲಲ್ಲಿ ಮುದ್ದೆ ಇಳೀತಿಲ್ಲ.”

“ಏನು ಹೇಳಿ ಅತ್ತೆ.”

“ಹೆರಿಗೇಲಿ ಸತ್ತೋಳು ಬರದೆ ಇರಾಕಿಲ್ಲ, ಏನಾರ ಮಾಡ್ಲೇಬೇಕು ಅಂತ ಮಣ್ಣು ಮಾಡಿದ್ ದಿನಾನೇ ಊರೋರು ಕೂತ್ರು. ಮೇಷ್ಟ್ರು ಗಂಗಣ್ಣ ಈ ಪುಸ್ತಕದ ಕಡೇ ಪುಟ ಓದಿ ಹೇಳಿದ್ರು. ಅಳಿಯಂದ್ರೇ ಬರ್ದಿರೋದು, ಅವ್ರಿಗಿಂತ ಬಲ್ಲೋರು ಯಾರು ಅಂದ್ಕೊಂಡ್ವಿ. ಗಡಿ ಹೊಂಗೆ ಮರಕ್ಕೆ ಏಳು ಮೊಳೆ ಹೊಡೆದ್ರು. ಹೆತ್ತೋಳು ಹೇಳಿದ್ರೆ ಕೇಳ್ತಾಳೆ ಅಂತ ನನ್ ಬಾಯಿಂದ್ಲೇ ಏಳು ಸಲ ಅನ್ನಿಸಿದ್ರು.” ಆ ಮಾತನ್ನು ಮತ್ತೆ ಬಾಯಿಗೆ ತರಲಾರದೆ ಸೆರಗು ಕಚ್ಚಿದಳು. “ಮನೆಗೆ ಬರಬ್ಯಾಡ ಅಂತ ಮಾಡಿದ್ದು ಕಣಪ್ಪಾ. ಕನಸಿಗೂ ಬರ್ತಿಲ್ವಲ್ಲ!”

ಪಿಳ್ಳಣ್ಣ ಹೊಸ್ತಿಲು ದಾಟಿ ಹೊರಗೆ ಬಂದ. ಅತ್ತೆಯ ಎದುರಿಗೆ ನೆಲದ ಮೇಲೆಯೇ ಕೂತ.

“ಅತ್ತೆ, ಅದು ಸುಳ್ಳು. ನಾನೂ ಅವಳೂ ಊಟ ಮಾಡ್ತಾ ಹುಟ್ಟಿಸಿದ್ದು. ಪುಟ ತುಂಬ್ಲಿ ಅಂತ.”

ಮುದುಕಿ ಅವನನ್ನು ದಿಟ್ಟಿಸಿದಳು. “ಸುಳ್ಳಾದ್ರೆ ಅವಳು ಯಾಕ್ ಬರ್ಲಿಲ್ಲ?”

“ನಾನೇ ಮೊದಲು ಅವಳಿಗೆ ‘ಹೋಗು’ ಅಂದೋನು ಅತ್ತೆ. ಅದಕ್ಕೇ ನೀವು ಅವತ್ತು ನನ್ ಮುಖ ನೋಡ್ಲಿಲ್ಲ ಅಂದ್ಕೊಂಡಿದ್ದೆ.”

“ನಿಮ್ ಪಾಪಕ್ಕಲ್ಲ, ನನ್ ಪಾಪಕ್ಕೆ ನೋಡ್ಲಿಲ್ಲ. ನೀವಂದಿದ್ದನ್ನ ಅವಳು ನಗ್ತಾ ಹೇಳಿದ್ಲು. ‘ಕೆಲಸ ಇದ್ರೆ ಅವ್ರಿಗೆ ಮೈಮೇಲೆ ಗ್ಯಾನ ಇರಾಕಿಲ್ಲ ಕಣಮ್ಮ, ಬೀದಿ ತಿರುವಲ್ಲಿ ಗಾಡಿ ನಿಲ್ಲಿಸಿ ನಾನೇ ಬರ್ತೀನಿ ಅಂತ ಕೂಗ್ದೆ, ಮಿಷಿನ್ ಸದ್ದಲ್ಲಿ ಕೇಳಿಸ್ತೋ ಇಲ್ವೋ’ ಅಂದ್ಲು.”

ಕೇಳಿಸಿರಲಿಲ್ಲ. ಆ ಒಂದು ಮಾತು ಐದು ವರ್ಷ ಬೀದಿ ತಿರುವಲ್ಲೇ ನಿಂತಿತ್ತು. ಪಿಳ್ಳಣ್ಣ ಗಂಡಸು ಎಂಬುದನ್ನೂ ಮರೆತು ಗೊಳೋ ಎಂದು ಅತ್ತ.

ಅಮ್ಮಯಮ್ಮ ಪುಸ್ತಕವನ್ನು ಅವನ ಮುಂದಕ್ಕೆ ಸರಿಸಿದಳು. “ಬರದಂಗೆ ಬರ್ದಿದ್ದೀರಿ. ಬರೋ ಹಂಗೆ ಒಂದು ಬರೀರಿ ಅಳಿಯಂದ್ರೇ.”

ಪಿಳ್ಳಣ್ಣ ಎದ್ದು ಇಕ್ಕಳ ತೆಗೆದುಕೊಂಡು ಅತ್ತೆಯೊಂದಿಗೇ ಹೊರಟ. ಪೆಟ್ರೋಲು ಸಿಗದ ಕಾಲದ ಇದ್ದಿಲು ಬಸ್ಸನ್ನು ಎರಡು ಕಡೆ ಬದಲಿಸಿ ನಂದಗುಡಿಗೆ ಹೋದರು. ಮರುದಿನ ಮಟಮಟ ಮಧ್ಯಾಹ್ನ, ಹೊಂಗೆ ಮರದ ಬುಡದಲ್ಲಿ ನಿಂತು ತುಕ್ಕು ಹಿಡಿದ ಮೊಳೆಗಳನ್ನು ಒಂದೊಂದಾಗಿ ಕಿತ್ತ. ಹೊಲದಿಂದ ಬರುತ್ತಿದ್ದವರು ನಿಂತು ನೋಡಿದರು. ಆರು ಬಂದವು. ಏಳನೆಯದನ್ನು ಮರವೇ ನುಂಗಿಬಿಟ್ಟಿತ್ತು. ತೊಗಟೆ ಕೆತ್ತಿದ, ಬೆರಳು ಹಾಕಿ ಕೆದಕಿದ, ಸಿಗಲಿಲ್ಲ. ಅಮ್ಮಯಮ್ಮನ ಮುಖ ಬಾಡಿತು.

“ಅದು ಇಲ್ಲಿ ಕೀಳೋ ಮೊಳೆ ಅಲ್ಲ ಅತ್ತೆ. ನಾನು ಜೋಡಿಸಿದ ಕಡೆ ಕೀಳ್ಬೇಕು” ಎಂದ ಪಿಳ್ಳಣ್ಣ.

ಆ ತಿಂಗಳ ಪುಸ್ತಕದ ಕೊನೆಯ ಪುಟಕ್ಕೆ ತಪ್ಪು-ಒಪ್ಪಿನ ಪಟ್ಟಿ ಬೇಕೆಂದಾಗ ಮೊಳೆ ಜೋಡಿಸುವ ಮುನಿಸ್ವಾಮಿ ಹೌಹಾರಿದ.

“ಏನ್ ಗುರು, ಆರು ವರ್ಷದ ಹಿಂದಿನ ಪುಸ್ತಕದ ತಪ್ಪಿಗೆ ಈಗ ಒಪ್ಪಾ? ಜನ ನಗಲ್ವಾ?”

“ನಗ್ಲಿ ಬಿಡು. ನೀನು ಜಾಗ ಬಿಟ್ಟು ಪುಟ ಕಟ್ಟು.”

ಬಿಟ್ಟ ಜಾಗಕ್ಕೆ ಪಿಳ್ಳಣ್ಣ ತಾನೇ ಮೊಳೆಗಳನ್ನು ಆರಿಸಿ ಜೋಡಿಸಿದ. ಅಂಜಿನಮ್ಮ ಬಂದಳೇ ಎಂದರೆ ನನಗೆ ಗೊತ್ತಿಲ್ಲ, ಅವನು ಯಾರಿಗೂ ಹೇಳಲಿಲ್ಲ. ಅಂದಿನಿಂದ ಆ ಮನೆಯಿಂದ ಯಾರು ಹೊರಟರೂ ಅವನು ಮಿಷಿನ್ನು ನಿಲ್ಲಿಸಿ, ಅವರು ಬೀದಿಯ ತಿರುವು ದಾಟುವ ತನಕ ಬಾಗಿಲಲ್ಲಿ ಕಿವಿಗೊಟ್ಟು ನಿಲ್ಲುತ್ತಿದ್ದ. ಜೋಡಿಸಿಟ್ಟ ಆ ಪಟ್ಟಿಯ ಮೊಳೆಗಳನ್ನೂ ಮತ್ತೆ ಬಿಚ್ಚಲಿಲ್ಲ. ಅಚ್ಚಿನವನು ತೆಗೆಯಲು ಮರೆತಿದ್ದಾನೆಂದು ಜನ ನಗುತ್ತಿದ್ದರೂ ಅಮಾವಾಸ್ಯೆ ಮಾಲೆಯ ಪ್ರತಿ ಪುಸ್ತಕದ ಕೊನೆಯಲ್ಲಿ ಅದು ಇದ್ದೇ ಇತ್ತು:

ಮೊದಲನೆಯ ಪುಸ್ತಕ, ಪುಟ ೩೨.
ತಪ್ಪು: ಹೋಗು.
ಒಪ್ಪು: ಹೋಗಿ ಬಾ.
ತಿದ್ದಿಕೊಂಡು ಓದಬೇಕಾಗಿ ವಿನಂತಿ.