ಗೈರುಹಾಜರಿಗೆ ಕಾರಣ: ದಾರಿ ಮುಚ್ಚಿದೆ

ಕಳೆದ ವಾರ ವೀಸಾದ ಕಾಗದ ತುಂಬಿಸಲು ಮಸ್ಕತ್ತಿನ ಅಲ್ ಹೈಲ್‌ನ ಟೈಪಿಂಗ್ ಅಂಗಡಿಗೆ ಹೋಗಿದ್ದೆ. ಅಲ್ಲಿದ್ದವರು ಸ್ಟಾಂಪ್ ಪ್ಯಾಡಿನ ಮುಚ್ಚಳ ತೆಗೆದದ್ದೇ ತಡ, ಆ ನೇರಳೆ ಶಾಯಿಯ ವಾಸನೆ ಮೂಗಿಗೆ ಬಡಿಯಿತು. ಎದುರುಮನೆಯ ಚಾಚಾ ನೆನಪಾದರು. ಅವರ ಬೆರಳಿಗೂ ಯಾವಾಗಲೂ ಇದೇ ವಾಸನೆ…

ಅಲ್ ಅಜೈಬಾದಲ್ಲಿ ನಮ್ಮ ಬಾಗಿಲಿಗೆ ಎದುರಿನದು ಅವರ ಮಗಳ ಮನೆ. ಅವರ ದೇಶದ ಹೆಸರು ಬೇಡ ಬಿಡಿ. ಹೆಸರು ಕೇಳಿದೊಡನೆ ಜನ ಅಯ್ಯೋ ಪಾಪ ಎನ್ನುತ್ತಾರೆ, ಅದು ಅವರಿಗೆ ಸೇರುತ್ತಿರಲಿಲ್ಲ. ಹರೆಯದಲ್ಲಿ ಮೈಸೂರಿನಲ್ಲಿ ಓದಿದವರಂತೆ. ಆಗ ಕಲಿತ ಕನ್ನಡದಲ್ಲಿ ಉಳಿದದ್ದು ಒಂದೇ ವಾಕ್ಯ, "ಊಟ ಆಯ್ತಾ?" ಬೆಳಿಗ್ಗೆ ಏಳಕ್ಕೆ ಲಿಫ್ಟಿನಲ್ಲಿ ಸಿಕ್ಕರೂ ಅದನ್ನೇ ಕೇಳುತ್ತಿದ್ದರು. ಉಳಿದದ್ದೆಲ್ಲ ಹಿಂದಿಯಲ್ಲಿ. ಇಲ್ಲಿ ಅವರು ಟೈಪಿಂಗ್ ಅಂಗಡಿಯೊಂದರಲ್ಲಿ ಅರ್ಜಿ ಬರೆಯುತ್ತಿದ್ದರು. ತಮ್ಮ ದೇಶದಲ್ಲಿ ಅವರು ಶಾಸನಸಭೆಯ ಗುಮಾಸ್ತರಾಗಿದ್ದರು. ಹಾಜರಿ ಕೂಗುವುದು, ನಡಾವಳಿ ಬರೆಯುವುದು ಅವರ ಕೆಲಸ.

ದೇಶ ಎರಡಾಗಿ ಹೊಡೆದಾಡುತ್ತಿರುವಾಗ ಎಂತದು ಸಭೆ ಎಂದು ಒಮ್ಮೆ ಕೇಳಿಯೇ ಬಿಟ್ಟೆ. ಚಾಚಾ ಬೇಸರಪಡಲಿಲ್ಲ. ಸಭೆಯ ಕಟ್ಟಡ ಬಿದ್ದ ಮೇಲೆ ಬಂದರಿನ ಊರೊಂದರ ಮದುವೆ ಹಾಲಿನಲ್ಲಿ ಕೂರುತ್ತಿದ್ದರಂತೆ. ಗೋಡೆಗೆ ಕಾಗದದ ಹೂ ಹಾಗೆಯೇ ಇತ್ತಂತೆ. ಸದಸ್ಯರಲ್ಲಿ ಬರುತ್ತಿದ್ದವರು ಅರ್ಧಕ್ಕಿಂತ ಕಡಿಮೆ. ಬಂದವರು ನೀರಿನ ಟ್ಯಾಂಕರ್ ಯಾವ ಬೀದಿಗೆ ಮೊದಲು ಹೋಗಬೇಕು, ಮೀನುಗಾರರ ಪರವಾನಗಿ ಯಾರು ನವೀಕರಿಸಬೇಕು, ಶಾಲೆ ಬಿದ್ದುಹೋದ ಮಕ್ಕಳಿಗೆ ಪರೀಕ್ಷೆ ಎಲ್ಲಿ ಎಂದು ಗಂಟೆಗಟ್ಟಲೆ ವಾದಿಸುತ್ತಿದ್ದರು. ಕರೆಂಟ್ ಹೋದರೆ ಕಿಟಕಿಯ ಬಳಿ ಮೇಜು ಎಳೆದುಕೊಂಡು ಚಾಚಾ ಬರೆಯುತ್ತಿದ್ದರು. ಹತ್ತಿರದಲ್ಲೆಲ್ಲೋ ಬಾಂಬ್ ಬಿದ್ದ ದಿನ ನಡಾವಳಿಯಲ್ಲಿ ಹೀಗೆ ಬರೆದಿದ್ದರಂತೆ: ಶಬ್ದದ ಕಾರಣ ಐದು ನಿಮಿಷ ವಿರಾಮ. ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು.

ಆದರೆ ಅವರ ಜೀವವಿದ್ದದ್ದು ಹಾಜರಿ ಪುಸ್ತಕದಲ್ಲಿ. ಮರದ ಅಡಿಪಟ್ಟಿಯನ್ನು ಒಂದೊಂದು ಹೆಸರಿನ ಕೆಳಗಿಟ್ಟು, ಎಲ್ಲ ಹೆಸರುಗಳನ್ನೂ ಕೂಗುತ್ತಿದ್ದರು, ಬರಲಾಗದವರದ್ದೂ ಸೇರಿ. ಕೂಗಿ ಒಂದು ಉಸಿರಿನಷ್ಟು ಹೊತ್ತು ಕಾಯುತ್ತಿದ್ದರು. ಆಮೇಲೆ ಕಾರಣದ ಕಾಲಮಿನಲ್ಲಿ "ದಾರಿ ಮುಚ್ಚಿದೆ" ಎಂದು ಬರೆಯುತ್ತಿದ್ದರು. ಕಾರಣವಿಲ್ಲದೆ ಸಾಲಾಗಿ ಇಷ್ಟು ದಿನ ತಪ್ಪಿಸಿದರೆ ಸದಸ್ಯತ್ವ ಹೋಗುತ್ತದೆ ಎಂಬ ನಿಯಮ ಅಲ್ಲಿತ್ತು. ಗಡಿಯಾಚೆ ಸಿಕ್ಕಿಬಿದ್ದವರು, ಎದುರಿನ ಬಣಕ್ಕೆ ಹೋದವರು, ಎಲ್ಲರ ಕುರ್ಚಿಯೂ ಚಾಚಾನ ಆ ಎರಡು ಶಬ್ದದ ಮೇಲೆ ನಿಂತಿತ್ತು. ಇನ್ನು "ಕಾರಣವಿಲ್ಲ" ಎಂದು ಬರೆ ಎಂದು ಮೇಲಿನವರು ಹೇಳಿದರು. ಚಾಚಾ ಒಪ್ಪಲಿಲ್ಲ. ಒಂದು ಬೆಳಿಗ್ಗೆ ಅವರ ಮೇಜಿನಲ್ಲಿ ಬೇರೊಬ್ಬರು ಕೂತಿದ್ದರು. ಅಡಿಪಟ್ಟಿ ಮಾತ್ರ ಹಿಡಿದುಕೊಂಡು ಮಗಳಿದ್ದ ಮಸ್ಕತ್ತಿಗೆ ಬಂದರು.

ಹಾಜರಿ ಪುಸ್ತಕದ ಈ ಕಥೆ ಅವರು ಹೇಳಿದ್ದು ನನ್ನ ಕೆಂಪು ಪೆನ್ನು ನೋಡಿ. ನಮ್ಮ ಕರಾವಳಿಯ ಮನೆಗಳದ್ದು ಒಂದು ಕೂಟವಿದೆ, ಅದಕ್ಕೆ ನಾನೇ ಕಾರ್ಯದರ್ಶಿ. ಒಮಾನಿನ ದಕ್ಷಿಣ ತುದಿಯ ಸಲಾಲಾಕ್ಕೆ ಮಳೆ ನೋಡಲು ಬಸ್ಸು ಯಾವ ದಿನ ಹೊರಡಬೇಕು ಎಂಬ ವಿಷಯಕ್ಕೆ ಜಗಳವಾಗಿ ಕೂಟ ಎರಡು ಹೋಳಾಯಿತು. ಊರಿನ ಜಡಿಮಳೆಯಲ್ಲಿ ಬೆಳೆದ ನಾವು ಅಷ್ಟು ತುಂತುರಿಗಾಗಿ ಕಿತ್ತಾಡಿದ್ದು! ಬಿಟ್ಟುಹೋದವರಲ್ಲಿ ನನ್ನ ಜೀವದ ಗೆಳತಿಯೂ ಇದ್ದಳು. ನನ್ನ ಹೆರಿಗೆಯಲ್ಲಿ ನಲವತ್ತು ದಿನ ಗಂಜಿ ಮಾಡಿ ತಂದವಳು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಪಟ್ಟಿ ತೆಗೆದು ಹೋದವರ ಹೆಸರಿನ ಮೇಲೆಲ್ಲ ಗೆರೆ ಎಳೆಯುತ್ತಿದ್ದೆ, ಮೊದಲು ಅವಳದ್ದೇ. ಖರ್ಜೂರ ಕೊಡಲು ಬಂದ ಚಾಚಾ ಬಗ್ಗಿ ನೋಡಿದರು.

"ಇವರೆಲ್ಲ ತೀರಿಹೋದರಾ ಬೇಟಿ?"

"ಇಲ್ಲ ಚಾಚಾ. ಬಿಟ್ಟುಹೋದರು. ಖಲಾಸ್."

"ಹೊಡೆದುಹಾಕಿದ ಹೆಸರು ತಾನಾಗಿ ವಾಪಸ್ ಬರುವುದಿಲ್ಲ. ಯಾರಾದರೂ ಹೋಗಿ ಕರೆಯಬೇಕು. ಆಗ ಬಹಳ ಕಷ್ಟ."

ನಾನು ಹೂಂ ಎಂದೆ, ಗೆರೆಯನ್ನೂ ಎಳೆದೆ. ಹಟ ನೋಡಿ ನನ್ನದು.

ಕಳೆದ ವರ್ಷ ಅವರಿಗೆ ತಮ್ಮ ದೇಶದಿಂದ ಫೋನ್ ಬಂತು. ಎರಡೂ ಕಡೆಯವರು ಒಂದೇ ಕಡೆ ಕೂರುತ್ತಾರಂತೆ, ಹಳೆಯ ಪಟ್ಟಿ ಬಾಯಿಗೆ ಬರುವವರು ಬೇಕಂತೆ. ಚಾಚಾ ಮದುಮಗನ ಹಾಗೆ ಕೋಟು ಇಸ್ತ್ರಿ ಮಾಡಿಸಿಕೊಂಡರು. ಅವರ ದೇಶಕ್ಕೆ ಹೋಗುವ ದಾರಿ ಸಲಾಲಾದ ಮೇಲೆ. ಅಲ್ಲಿಯ ಬಸ್ಸಿಗೆ ಹೊರಡುವಾಗ ಬಾಗಿಲು ತಟ್ಟಿ, "ಊಟ ಆಯ್ತಾ?" ಎಂದರು. ಇನ್ನೂ ಇಲ್ಲ ಎಂದೆ…

ಸಭೆ ಮುಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ. ಸಲಾಲಾದ ನೆಂಟರ ಮನೆಯಲ್ಲಿ ಕಾಯುತ್ತಿದ್ದವರು ಒಂದು ತುಂತುರು ಮಳೆಯ ಬೆಳಿಗ್ಗೆ ಏಳಲೇ ಇಲ್ಲ. ಅಡಿಪಟ್ಟಿ ಕೋಟಿನ ಒಳಜೇಬಿನಲ್ಲಿತ್ತು ಎಂದು ಮಗಳು ಹೇಳಿದಳು. ಅವಳೂ ಮನೆ ಬದಲಿಸಿದಳು.

ಟೈಪಿಂಗ್ ಅಂಗಡಿಯಿಂದ ಹೊರಗೆ ಬಂದೆ. ಗೆಳತಿಯ ಮನೆ ಅದೇ ಬೀದಿಯ ಹಿಂದೆ. ಮೂರು ವರ್ಷದಲ್ಲಿ ನಾನು ಆ ಕಡೆ ತಿರುಗಿರಲಿಲ್ಲ. ಚಾಚಾನ ಜನರಿಗೆ ಗುಡ್ಡ, ಗುಂಡು, ಚೆಕ್‌ಪೋಸ್ಟು ಅಡ್ಡವಿದ್ದವು. ನನ್ನ ಮನೆಯಿಂದ ಇಲ್ಲಿಗೆ ಕಾರಿನಲ್ಲಿ ಇಪ್ಪತ್ತು ನಿಮಿಷ. ನನ್ನ ಹೆಸರಿನ ಮುಂದೆ ಚಾಚಾ ಆದರೂ ಯಾವ ಕಾರಣ ಬರೆದಾರು? ನಾಚಿಕೆಯಾಯಿತು. ಹೋಗಿ ಬೆಲ್ ಒತ್ತಿದೆ.

ಅವಳೇ ಬಾಗಿಲು ತೆಗೆದಳು. ತಲೆ ಪೂರ್ತಿ ನರೆತಿತ್ತು. "ಎಂತ ಮಾರಾಯ್ತಿ, ಬಿಸಿಲಲ್ಲಿ ನಿಂತದ್ದು? ಊಟ ಆಯ್ತಾ?" ಎಂದಳು. ನನಗೆ ಅಳು ಉಕ್ಕಿ ಬಂತು. ಅರ್ಧ ಅವಳಿಗೆ, ಅರ್ಧ ಚಾಚಾನಿಗೆ.

ಸಂಜೆ ಲಿಫ್ಟಿನಿಂದ ಇಳಿದು, ಚಾಚಾನಿಗೆ ಹೇಳಬೇಕೆಂದು ಅಭ್ಯಾಸಬಲದಿಂದ ಎದುರಿನ ಬಾಗಿಲಿಗೆ ಕೈ ಎತ್ತಿದೆ. ಅಲ್ಲಿ ಈಗ ಬೇರೆಯವರಿದ್ದಾರೆ. ಕೈ ಇಳಿಸಿ ಒಳಗೆ ಬಂದು, ಕೂಟದ ಪಟ್ಟಿ ತೆಗೆದು, ಅವಳ ಹೆಸರನ್ನು ಹೊಸದಾಗಿ ಬರೆದೆ.