ಕೆಂಪು ದಾರದ ಪುರಲೆ ಕಟ್ಟು

ಹೆರಾತಿನ ಆ ಓಣಿಯಲ್ಲಿ ಗಂಡಸರು ಹೊಸ್ತಿಲು ದಾಟದ ಜಾಗ ಒಂದೇ, ಬೀಬಿ ಕೌಕಬ್‌ಳ ತಂದೂರು ಮನೆ. ಬೆಳಗಾದರೆ ಸಾಕು, ಹೆಂಗಸರು ತಲೆಯ ಮೇಲೆ ಹಿಟ್ಟಿನ ತಟ್ಟೆ, ಕಂಕುಳಲ್ಲಿ ಪುರಲೆ ಕಟ್ಟು ಇಟ್ಟುಕೊಂಡು ಬಂದುಬಿಡುತ್ತಾರೆ. ಅವರವರ ರೊಟ್ಟಿಗೆ ಅವರವರದೇ ಸೌದೆ. ಬಂದೂಕಿನವರ ಆಳ್ವಿಕೆ ಬಂದ ಮೇಲೆ ಹುಡುಗಿಯರ ಶಾಲೆಗೆ ಬೀಗ ಬಿತ್ತು, ಹೆಂಗಸರ ಸ್ನಾನದ ಮನೆಗೆ ಬಿತ್ತು, ಬ್ಯೂಟಿ ಪಾರ್ಲರಿಗೂ ಬಿತ್ತು. ರೊಟ್ಟಿ ಬೇಡವೆನ್ನುವ ಗಂಡಸು ಇನ್ನೂ ಹುಟ್ಟಿಲ್ಲವಾದ್ದರಿಂದ ತಂದೂರು ಮಾತ್ರ ಉಳಿದುಕೊಂಡಿತು.

ತಂದೂರಿನ ಹಿಂದೆ ಸೌದೆ ಒಟ್ಟುವ ಕೋಣೆ. ಅಲ್ಲಿ ಬೀಬಿಯ ಕಿರಿಸೊಸೆ ಮಾಹಗುಲ್ ಫೋನು ರಿಪೇರಿ ಮಾಡುತ್ತಿದ್ದಳು. ಗಂಡ ಇರಾನಿನಲ್ಲಿ ಗಾರೆ ಕೆಲಸಕ್ಕಿದ್ದ, ಮಡಿಲಲ್ಲಿ ಪುಟ್ಟ ಮಗ ಇದ್ರೀಸ್. ಅವಳಿಗೆ ಕಸುಬು ಕಲಿಸಿದ ತರಬೇತಿ ಕೇಂದ್ರ ಈಗಿಲ್ಲ, ಆದರೆ ಕಲಿತದ್ದನ್ನು ಕೈಯಿಂದ ಕಿತ್ತುಕೊಳ್ಳುವುದು ಯಾರಿಗೆ ಸಾಧ್ಯ? ಬಜಾರಿನ ಅಂಗಡಿಗೆ ಫೋನು ಕೊಡಲು ಹೆಂಗಸರಿಗೆ ಹೆದರಿಕೆ. ಒಳಗೆ ಅಕ್ಕತಂಗಿಯರ ಫೋಟೋಗಳಿರುತ್ತವೆ, ಪರಗಂಡಸಿನ ಕಣ್ಣಿಗೆ ಬಿದ್ದರೆ ಮನೆಯ ಮಾನ ಹೋದಂತೆ. ಆದರೆ ಹುಡುಗಿಯರ ಪಾಠ ಬರುವುದು ಆ ಫೋನಿನಲ್ಲೇ, ಕಸೂತಿ ಮಾರುವವರ ಗಿರಾಕಿಗಳು ಸಿಗುವುದೂ ಅದರಲ್ಲೇ. ಅದು ಕೆಟ್ಟರೆ ಪಾಠವೂ ನಿಂತಿತು, ಸಂಪಾದನೆಯೂ ನಿಂತಿತು.

ಓಣಿಯ ತಿರುವಿನಲ್ಲಿ ಬಂದೂಕಿನವರ ತಪಾಸಣೆ ಶುರುವಾದ ಮೇಲೆ ಮಾಹಗುಲ್ ಒಂದು ಉಪಾಯ ಹೂಡಿದಳು. ಕೆಟ್ಟ ಫೋನನ್ನು ಪುರಲೆಯ ನಡುವೆ ಸಿಕ್ಕಿಸಿ, ಆ ಕಟ್ಟಿಗೆ ಕೆಂಪು ದಾರ ಸುತ್ತುವುದು. ಕೆಂಪು ದಾರದ್ದು ಹಿಂದಿನ ಕೋಣೆಗೆ, ಉಳಿದದ್ದು ಬೆಂಕಿಗೆ. ಬೀಬಿಗೆ ಕಣ್ಣು ಮಂಜಾಗಿದ್ದರೂ ಕೆಂಪು ಕಾಣುತ್ತಿತ್ತು. ಈ ಕಸುಬು ಮಾತ್ರ ಅವಳಿಗೆ ಒಗ್ಗಿರಲಿಲ್ಲ. ರೊಟ್ಟಿಯಿಂದ ಹೊಟ್ಟೆ ತುಂಬುತ್ತದೆ, ನಿನ್ನ ಈ ಡಬ್ಬಿಗಳಿಂದ ಏನು ತುಂಬುತ್ತದೆ ಎಂದು ಗೊಣಗುತ್ತಲೇ ಕಟ್ಟುಗಳನ್ನು ಬೇರೆ ಎತ್ತಿಡುತ್ತಿದ್ದಳು.

ಬೀಬಿಯ ಹಿರಿಮಗ ಗೌಸುದ್ದೀನ್ ಮೇಲಂತಸ್ತಿನಲ್ಲಿದ್ದ. ತಮ್ಮನ ಹೆಂಡತಿ ಏನೋ ರಿಪೇರಿ ಮಾಡುತ್ತಾಳೆಂದು ಗೊತ್ತಿದ್ದರೂ ಕಂಡೂ ಕಾಣದಂತೆ ಓಡಾಡಿಕೊಂಡಿದ್ದ. ಶಾಲೆ ನಿಂತು ಮಂಕಾಗಿ ಕೂತಿದ್ದ ಮಗಳು ಶಕೀಬಾಳನ್ನು, ರೊಟ್ಟಿ ತಟ್ಟುವುದನ್ನಾದರೂ ಕಲಿಯಲಿ ಎಂದು ಅಜ್ಜಿಯ ಬಳಿಗೆ ಅವನೇ ಕಳಿಸುತ್ತಿದ್ದ.

ಒಂದು ದಿನ ಮೂಲೆಮನೆಯ ಹುಡುಗಿಗೆ ನಿಶ್ಚಿತಾರ್ಥ. ಮನೆಯವರ ಸಡಗರ ಕೇಳಬೇಕೆ, ಔತಣದ ರೊಟ್ಟಿಗೆಂದು ಕಳಿಸಿದ ಸೌದೆಗೂ ಕೆಂಪು ರಿಬ್ಬನ್ ಕಟ್ಟಿದ್ದರು. ಇವತ್ತು ಬಂದ ಕೆಂಪೆಲ್ಲ ಮದುವೆ ಮನೆಯದು ಎಂದು ಯಾರೋ ಹೇಳಿದರು. ಬೀಬಿ ಖುಷಿಯಿಂದ ಒಂದೊಂದೇ ಕಟ್ಟನ್ನು ಒಲೆಗೆ ಹಾಕಿದಳು. ಅದರಲ್ಲಿ ಪಕ್ಕದ ಮನೆಯ ನಾಹೀದ್ ಗೋಡೆಗೆ ಒರಗಿಸಿಟ್ಟು ಹೋಗಿದ್ದ, ಫೋನಿದ್ದ ಕಟ್ಟೂ ಸೇರಿತ್ತು. ಸೂಲಗಿತ್ತಿಯ ಓದನ್ನು ಫೋನಿನಲ್ಲೇ ಓದುತ್ತಿದ್ದ ಹುಡುಗಿ ಅವಳು.

ಢಮ್ಮೆಂದಿತು. ತಂದೂರಿನ ಗೋಡೆಗೆ ಅಂಟಿದ್ದ ರೊಟ್ಟಿಗಳೆಲ್ಲ ಬೂದಿಗೆ ಬಿದ್ದವು, ಬೀಬಿಯ ಹುಬ್ಬು ಸೀದುಹೋಯಿತು. ದೇವರು ದೊಡ್ಡವನು, ಅದಕ್ಕಿಂತ ಹೆಚ್ಚಿನದೇನೂ ಆಗಲಿಲ್ಲ. ತಿರುವಿನಲ್ಲಿದ್ದವರು ಓಡಿಬಂದಾಗ ಗೌಸುದ್ದೀನ್ ಬಾಗಿಲಿಗೆ ಅಡ್ಡ ನಿಂತು, ಹಸಿ ಸೌದೆ, ಗಂಟು ಸಿಡಿಯಿತು ಎಂದು ಸಾಗಹಾಕಿದ. ಅವರು ಹೋದ ಮೇಲೆ ಹೊಸ್ತಿಲಾಚೆಯೇ ನಿಂತು, ಮುಖ ತಿರುಗಿಸಿಕೊಂಡು, ತಮ್ಮನ ಹೆಂಡತಿಗೆ ಹೇಳಬೇಕಾದ್ದನ್ನು ತಾಯಿಗೆ ಹೇಳಿದ.

"ಇದ್ರೀಸನ ತಾಯಿಗೆ ಹೇಳಮ್ಮ, ಇವತ್ತೇ ಆ ಕೋಣೆಗೆ ಬೀಗ. ನಾಳೆ ಅವರು ಬಂದ್ರೆ ಹೆಂಗಸರನ್ನ ಕೇಳಲ್ಲ. ಎಳ್ಕೊಂಡು ಹೋಗೋದು ನನ್ನನ್ನ."

ಮಾಹಗುಲಳಿಗೆ ಮೈಯೆಲ್ಲ ಉರಿಯಿತು. ಕೋಣೆ ಮುಚ್ಚಿದರೆ ಅವಳಿಗೆ ಉಳಿಯುವುದಾದರೂ ಏನು? ಗಂಡನ ಕರೆಗೆ ಕಾಯುವುದು, ಮಗನ ಮೂಗು ಒರೆಸುವುದು. ಅತ್ತೆಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಗಿರಬೇಕು ಎಂದುಕೊಂಡಳು. ಆದರೆ ಬೀಬಿ ಸೆರಗಿನಿಂದ ಮಸಿ ಒರೆಸಿಕೊಳ್ಳುತ್ತಾ ಮಗನಿಗೆ ಹೇಳಿದಳು, "ತಪ್ಪು ನನ್ನ ಕೈದು ಕಣೋ. ಅವಳದಲ್ಲ."

ಆ ಒಂದು ಮಾತಿಗೆ ಮಾಹಗುಲಳ ಕಣ್ಣು ತುಂಬಿತು, ತಲೆಯೂ ತಣ್ಣಗಾಯಿತು. ಭಾವನ ಹೆದರಿಕೆ ಸುಳ್ಳಲ್ಲ, ಹಾಗೆ ಎಳೆದೊಯ್ದವರ ಕಥೆ ಓಣಿಗೆಲ್ಲ ಗೊತ್ತಿತ್ತು.

"ಭಾವ ಹೇಳೋದು ಸರಿ ಅತ್ತೆ," ಎಂದಳು. "ಸಂಜೆಗೆ ಬೀಗದ ಕೈ ಕೊಡ್ತೀನಿ. ಇನ್ಮೇಲೆ ಈ ಮನೆಗೆ ಯಾರ ಫೋನೂ ಬರಲ್ಲ."

ಜಗಳಕ್ಕೆ ತೋಳೇರಿಸಿ ಬಂದಿದ್ದ ಗೌಸುದ್ದೀನ್ ತೋಳು ಇಳಿಸಿಕೊಂಡ. ಕೆಮ್ಮಿ ಮೇಲೆ ಹೋದ.

ಸಂಜೆಯವರೆಗೆ ಸಮಯವಿತ್ತು. ನಾಹೀದ್ ಕೋಣೆಯ ಮೂಲೆಯಲ್ಲಿ ಕೂತು ಒಂದೇ ಸಮನೆ ಅಳುತ್ತಿದ್ದಳು. ಮಾಹಗುಲ್ ಸತ್ತ ಫೋನುಗಳ ಡಬ್ಬಿಯನ್ನು ಅವಳ ಮುಂದೆ ಸುರಿದಳು.

"ಅಳೋಕೆ ಎರಡೂ ಕೈ ಬೇಕಾ? ಒಂದು ಕೈಲಿ ಈ ಸ್ಕ್ರೂ ಹಿಡ್ಕೋ."

ಒಂದರ ಪರದೆ, ಇನ್ನೊಂದರ ಬ್ಯಾಟರಿ, ಮತ್ತೊಂದರ ಹೊಟ್ಟೆಯೊಳಗಿನದು. ಮಾಹಗುಲ್ ಬಾಯಲ್ಲಿ ಹೇಳುತ್ತಾ ಹೋದಳು, ಮುಟ್ಟಲಿಲ್ಲ. ಫೋನಿಗೆ ಜೀವ ಬಂದಾಗ ನಾಹೀದ್ ತನ್ನ ಕೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಇದನ್ನೆಲ್ಲ ನೋಡುತ್ತಿದ್ದ ಮಾಹಗುಲಳಿಗೆ ದಾರಿ ಕಂಡಿತು. ಫೋನು ಈ ಮನೆಗೆ ಬರಬಾರದು, ಅಷ್ಟೇ ತಾನೆ? ಹಾಗಾದರೆ ಕಸುಬೇ ಮನೆಮನೆಗೆ ಹೋಗಲಿ. ಕೋಣೆಗೆ ಬೀಗ ಜಡಿದು, ಕೀಲಿಕೈಯನ್ನು ಬೀಬಿಯ ಮೂಲಕ ಮೇಲಕ್ಕೆ ಕಳಿಸಿದಳು.

ಮರುದಿನದಿಂದ ರೊಟ್ಟಿಗೆ ಬರುವ ಹೆಂಗಸರಿಗೆ ತಂದೂರಿನ ಮುಂದೆಯೇ ಪಾಠ ಶುರುವಾಯಿತು. ಫೋನಿಲ್ಲದೆ ಫೋನಿನ ಪಾಠ. ಮಾಹಗುಲ್ ಹಿಟ್ಟನ್ನು ಲಟ್ಟಿಸಿ ಚೌಕ ಮಾಡುತ್ತಿದ್ದಳು. ದಪ್ಪ ಮುದ್ದೆ ಬ್ಯಾಟರಿ, ಎಳೆದ ಹಿಟ್ಟಿನ ಎಳೆಗಳು ತಂತಿ, ಕರಿಜೀರಿಗೆ ಕಾಳುಗಳು ಸ್ಕ್ರೂ. ಯಾವುದನ್ನು ಮೊದಲು ಬಿಚ್ಚಬೇಕು, ಯಾವುದನ್ನು ಮುಟ್ಟಿದರೆ ಕೆಟ್ಟಿತು, ಎಲ್ಲ ಅದರಲ್ಲೇ. ಓಣಿಯಲ್ಲಿ ಗಂಡಸಿನ ಕೆಮ್ಮು ಕೇಳಿದರೆ ಶಕೀಬಾ ಆ ಹಿಟ್ಟನ್ನೆತ್ತಿ ತಂದೂರಿನ ಗೋಡೆಗೆ ಬಡಿಯುತ್ತಿದ್ದಳು. ಪಾಠ ಮುಗಿದ ಮೇಲೆ ಪಾಠವನ್ನೇ ಚಹಾದ ಜೊತೆ ತಿನ್ನುತ್ತಿದ್ದರು. ಹಿಟ್ಟು ಹಾಳೆಂದು ಮೊದಲು ಗೊಣಗಿದ ಬೀಬಿಯೂ, ಬರುಬರುತ್ತಾ, ನಿನ್ನ ಬ್ಯಾಟರಿ ಸರಿಯಾಗಿ ಬೇಯಲ್ಲ, ತೆಳ್ಳಗೆ ತಟ್ಟು ಎನ್ನುವಷ್ಟು ಪಳಗಿದಳು.

ಚಳಿಗಾಲ ಬರುವ ಹೊತ್ತಿಗೆ ಸುತ್ತಲಿನ ಓಣಿ ಓಣಿಯಲ್ಲೂ ರಿಪೇರಿ ಮಾಡುವ ಒಬ್ಬಳಿದ್ದಳು. ನಾಹೀದ್ ತನ್ನ ಓದಿನ ಖರ್ಚನ್ನು ಅದರಲ್ಲೇ ತೂಗಿಸುತ್ತಿದ್ದಳು. ಬಿಡಿಭಾಗಗಳನ್ನು ಗಂಡನಿಂದ ತರಿಸಿ ಅವರಿಗೆ ಮಾರುವುದು ಮಾಹಗುಲಳ ವ್ಯಾಪಾರವಾಯಿತು. ಮುಚ್ಚಿದ ಕೋಣೆಯಲ್ಲಿ ಗಳಿಸುತ್ತಿದ್ದುದಕ್ಕಿಂತ ಹೆಚ್ಚಾಗಿ ಕೈ ತುಂಬುತ್ತಿತ್ತು. ಆದರೂ ಆ ಬೀಗದ ಮುಂದೆ ಹಾದುಹೋಗುವಾಗ ಅವಳಿಗೆ ಒಮ್ಮೊಮ್ಮೆ ಸಂಕಟವಾಗುತ್ತಿತ್ತು.

ಹಿಮ ಬಿದ್ದು ಬಜಾರು ಮುಚ್ಚಿದ್ದ ಒಂದು ಬೆಳಿಗ್ಗೆ ಗೌಸುದ್ದೀನನ ಫೋನು ಸತ್ತುಹೋಯಿತು. ಇರಾನಿನಲ್ಲಿ ಕೂಲಿಯವರನ್ನು ಹಿಡಿದು ಗಡಿಗೆ ತಳ್ಳುತ್ತಿದ್ದಾರೆಂಬ ಸುದ್ದಿ ಬಂದಿತ್ತು. ಅಲ್ಲಿದ್ದ ತಮ್ಮ ಕರೆ ಮಾಡುತ್ತಿದ್ದುದು ಅದೇ ಫೋನಿಗೆ. ಅವನು ತಂದೂರಿನ ಹೊಸ್ತಿಲಿಗೆ ಬಂದು ನಿಂತ. ಕೈಯಲ್ಲಿ ಕೀಲಿಕೈ ಇತ್ತು.

"ಇದ್ರೀಸನ ತಾಯಿಗೆ ಹೇಳಮ್ಮ, ಇವತ್ತೊಂದು ದಿನ ಬೇಕಾದ್ರೆ ಕೋಣೆ ತೆಗೀಲಿ."

ಬೀಬಿ ಸೊಸೆಯ ಮುಖ ನೋಡಿದಳು. ಮಾಹಗುಲ್ ಹಿಟ್ಟು ನಾದುತ್ತಲೇ ಉತ್ತರ ಕೊಟ್ಟಳು. "ಕೋಣೇಲಿ ಸೌದೆ ಬಿಟ್ರೆ ಏನೂ ಇಲ್ಲ ಅತ್ತೆ. ನಾನು ಕೊಟ್ಟ ಮಾತು ಮಾತೇ. ಯಾವ ಮನೆ ಫೋನು ಆ ಮನೇಲೇ ರಿಪೇರಿ ಆಗ್ಬೇಕು. ಭಾವಂಗೆ ಮೇಲೆ ಹೋಗೋಕೆ ಹೇಳಿ, ಶಕೀಬಾ ಅಲ್ಲೇ ಇದ್ದಾಳೆ."

ಅವನಿಗೆ ಅರ್ಥವಾಗಲಿಲ್ಲ. ಮೇಲೆ ಹೋದ. ಮಗಳು ರೊಟ್ಟಿಯ ಬಟ್ಟೆ ಹಾಸಿ, ಅದರ ಮಡಿಕೆಯಿಂದ ಪುಟ್ಟ ಸ್ಕ್ರೂಡ್ರೈವರ್ ತೆಗೆದು ಕಾದು ಕೂತಿದ್ದಳು.

"ನಿನಗ್ಯಾರು ಕಲಿಸಿದ್ದು ಇದನ್ನ?" ಎಂದ.

"ರೊಟ್ಟಿ ಕಲಿ ಅಂತ ನೀವೇ ಕಳಿಸಿದ್ರಲ್ಲಪ್ಪ," ಎಂದು ಶಕೀಬಾ ಕೈ ಚಾಚಿದಳು.

ಗೌಸುದ್ದೀನ್ ಅವಳೆದುರು ಕೂತ. ಆಮೇಲೆ ಆ ಕೈಗೆ ಮೊದಲು ಫೋನನ್ನು ಇಟ್ಟ, ಅದರ ಪಕ್ಕದಲ್ಲಿ ಕೋಣೆಯ ಕೀಲಿಕೈಯನ್ನೂ ಇಟ್ಟ.