ಕೆಂಪು ಬಂದ ಬಾಟಲಿ

ಆ ದಿನ ನಮ್ಮನೆಯವರು ಎದ್ದವರೇ ಅಂಗೈ ನೋಡಿಕೊಂಡು ಕೂತರು.

"ಏನ್ರೀ, ಭವಿಷ್ಯ ಓದ್ತಿದೀರಾ?"

"ಹೌದು ಕಣೇ. ಇವತ್ತು ಕೆಂಪು ಬರದಿದ್ರೆ ನಾಳೆಯಿಂದ ಮನೇಲೇ ಇರ್ತೀನಿ, ನಿನ್ನ ತಲೆ ತಿನ್ಕೊಂಡು."

"ಅಯ್ಯೋ ದೇವರೇ, ಕೆಂಪು ಬರಲಪ್ಪ," ಅಂದೆ.

ಅವರು ಲ್ಯಾಬಲ್ಲಿ ಗಾಜಿನ ಬಾಟಲಿ ತೊಳೆಯೋರು. ತೊಳೆದರೆ ಕನ್ನಡಿ ಹಾಗೆ. ಅದಕ್ಕೇ ಎಲ್ಲರಿಗೂ ಅವರು ಫಳಫಳಣ್ಣ.

ಆ ಬಾಟಲಿಗಳಲ್ಲಿ ಲ್ಯಾಬಿನ ವಿಜ್ಞಾನಿ ಮೇಡಂ ಮಣ್ಣಿನ ಸೂಕ್ಷ್ಮಜೀವಿ ಸಾಕುತ್ತಿದ್ದರು. ಕಣ್ಣಿಗೇ ಕಾಣದ್ದು, ಅದಕ್ಕೂ ಕಬ್ಬಿಣ ಬೇಕು. ಸಿಗದಿದ್ದರೆ ಹಸಿವು ತಡೆಯದೆ ಒಂದು ರಸ ಬಿಡುತ್ತೆ. ಆ ರಸ ಕಬ್ಬಿಣ ಎಲ್ಲಿದ್ದರೂ ಹಿಡಿದು ತರುತ್ತೆ. ಹೈಡ್ರಾಕ್ಸಾಮಿಕ್ ಆಸಿಡ್ ಅಂತ ಹೆಸರು, ನನ್ನ ನಾಲಗೆ ತೊಡರುತ್ತೆ. ಎಳೇ ಮೆಕ್ಕೆಜೋಳದ ಗಿಡದಲ್ಲೂ ಅದರ ದಾಯಾದಿ ಒಂದಿದೆಯಂತೆ, ಹುಳ ಮುಟ್ಟದ ಹಾಗೆ ಕಾಯುತ್ತಂತೆ. ರಸ ಇದೆಯೋ ಇಲ್ಲವೋ ನೋಡೋಕೆ ಕಬ್ಬಿಣದ ನೀರು ಹನಿ ಬಿಡಬೇಕು. ಇದ್ದರೆ ಕೆಂಪಾಗುತ್ತೆ.

ಕೆಂಪಾಗಲೇ ಇಲ್ಲ. ಎಷ್ಟು ಸಲ ಮಾಡಿದರೂ ಇಲ್ಲ. ಇನ್ನೊಂದೇ ಸಲ, ಆಮೇಲೆ ನಿಲ್ಲಿಸಿ ಅಂದರು ಮೇಲಿನವರು. ನಿಂತರೆ ಇವರ ನೌಕರಿಯೂ ಹೋಗೋದು.

ತಪ್ಪು ಇವರದ್ದೇ. ಇನ್ನೂ ಹೊಳೀಲಿ ಅಂತ ಪಾತ್ರೆ ತಿಕ್ಕೋ ಕಬ್ಬಿಣದ ನಾರು ತಗೊಂಡು ಬಾಟಲಿ ಒಳಗೆಲ್ಲ ತಿಕ್ಕಿದ್ದರು. ಪುಡಿ ಒಳಗೇ ಉಳೀತು. ಮೇಡಂ ಒಂದಿನ ಸಿಂಕಿನ ಹತ್ತಿರ ಬಂದು ಆ ನಾರು ನೋಡಿದರು. ಬೈತಾರೆ ಅಂತ ಇವರು ತಲೆ ತಗ್ಗಿಸಿ ನಿಂತರೆ, ಅವರು ನಕ್ಕು ನಕ್ಕು ಸ್ಟೂಲ್ ಮೇಲೆ ಕುಸಿದರಂತೆ.

"ಅಣ್ಣಾ, ನಾನು ಆ ಜೀವಿಗಳನ್ನ ಉಪವಾಸ ಕೆಡವ್ತಾ ಇದ್ರೆ ನೀವು ಹಿಂಬಾಗಿಲಲ್ಲಿ ಊಟ ಹಾಕಿದೀರಲ್ಲ! ಹೊಟ್ಟೆ ತುಂಬಿದ್ದು ಯಾಕೆ ದುಡಿಯುತ್ತೆ?"

ಆಮೇಲೆ ಇವರು ಎಲ್ಲ ಬಾಟಲಿ, ಕಬ್ಬಿಣ ಕರಗಿಹೋಗಲಿ ಅಂತ, ಆಸಿಡ್ಡಲ್ಲಿ ನೆನೆಹಾಕಿ, ಶುದ್ಧ ನೀರಲ್ಲಿ ಜಾಲಿಸಿ ಕೊಟ್ಟರು. ಆ ಕೊನೇ ಸಲದ ಫಲ ಗೊತ್ತಾಗೋದು, ಅವರು ಅಂಗೈ ನೋಡಿಕೊಂಡು ಕೂತ ಆ ದಿನವೇ.

ಸಂಜೆ ಗೇಟಿನಿಂದಲೇ ಕೂಗಿದರು, "ಬಂತು ಕಣೇ, ಬಂತು!"

"ಎಂಥ ಕೆಂಪು?" ಅಂದೆ.

ಸುತ್ತ ನೋಡಿದರು. ತೋರಿಸೋಕೆ ಏನೂ ಸಿಗಲಿಲ್ಲ. "ಸಿಟ್ಟು ಬಂದಾಗ ನಿನ್ನ ಮೂಗಿರುತ್ತಲ್ಲ, ಅಂಥದ್ದು."

ನಗೋದರಲ್ಲೇ ಊಟ ಆರಿಹೋಯ್ತು.

ಮಾರನೇ ದಿನ ಬೆಳಿಗ್ಗೆ ಚಪ್ಪಲಿ ಮೆಟ್ಟೋಕೆ ಬಗ್ಗಿದವರು ಏಳಲಿಲ್ಲ. ಹೃದಯ ನಿಂತಿತ್ತು. ಅದನ್ನು ಬರೆಯೋಕೆ ನನಗೆ ಬರಲ್ಲ.

ಕೆಂಪು ಬಂದಿದ್ದರಿಂದ ಲ್ಯಾಬಿನ ಕೆಲಸ ಉಳೀತು. ಬಾಟಲಿ ತೊಳೆಯೋರು ಬೇಕಿತ್ತು. ಮೇಡಂ ನನ್ನನ್ನು ಕರೆದರು. ಈಗ ದಿನಾ ಬೆಳಿಗ್ಗೆ ಉದ್ದ ರಬ್ಬರ್ ಗ್ಲೌಸ್ ಹಾಕಿಕೊಂಡು, ಬಾಟಲಿಗಳನ್ನು ಆಸಿಡ್ಡಿಂದ ಎತ್ತಿ, ಜಾಲಿಸಿ, ಬೋರಲು ಹಾಕಿ ಒಣಗಲು ಇಡ್ತೀನಿ.